ರೋಮನ್ ಉಂಗುರವೂ ಎಡಚ ನಂಜುಂಡನೂ

ಬೆಳಿಗ್ಗೆ ಕೆಲಸಕ್ಕೆ ಹೋದೊಡನೆ ನಾನು ಮಾಡುವ ಮೊದಲ ಕೆಲಸ ಉಂಗುರ ಕಳಚುವುದು. ಸ್ವೀಡನ್ನಿನ ಸ್ಟಾಕ್‌ಹೋಮ್ ಪಕ್ಕದ ಫ್ಲೆಮಿಂಗ್ಸ್‌ಬೆರಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು ನಾನು. ಅಲ್ಲಿ ಉಂಗುರ, ಬಳೆ, ಕೈಗಡಿಯಾರ ಯಾವುದಕ್ಕೂ ಪ್ರವೇಶವಿಲ್ಲ. ಎಷ್ಟು ಕೈ ತೊಳೆದರೂ ಕ್ರಿಮಿಗಳು ಉಂಗುರದ ಅಡಿಯಲ್ಲಿ ಸಂಸಾರ ಹೂಡಿಕೊಂಡಿರುತ್ತವಂತೆ. ನನ್ನದು ಇಪ್ಪತ್ತೆರಡು ವರ್ಷದ ಹಿಂದೆ ಮದುವೆಯಲ್ಲಿ ತೊಡಿಸಿದ ಉಂಗುರ. ಬೆರಳು ಅಂದಿನಿಂದ ಇಂದಿಗೆ ಒಂದೂವರೆಯಷ್ಟಾಗಿದೆ, ಉಂಗುರ ಮಾತ್ರ ಇದ್ದಷ್ಟೇ ಇದೆ. ಹೀಗಾಗಿ ದಿನಾ ಸೋಪು ಹಚ್ಚಿ, ತಿರುಚಿ, ಹಲ್ಲು ಕಚ್ಚಿ ಎಳೆಯುವ ಒಂದು ಕಾರ್ಯಕ್ರಮವಿರುತ್ತದೆ. 'ಮನೆಯಲ್ಲೇ ಬಿಟ್ಟು ಬರಬಾರದೇ?' ಎಂದು ಪಕ್ಕದ ಲಾಕರಿನವಳು ಕೇಳುತ್ತಾಳೆ. ಬರಬಹುದು. ಆದರೆ ಬರಿಗೈಯಲ್ಲಿ ಹೊಸ್ತಿಲು ದಾಟಬಾರದು ಎಂದು ಅಮ್ಮ ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿದೆ. ಓದಿದ ವಿಜ್ಞಾನಕ್ಕೂ ಅದನ್ನು ಎಬ್ಬಿಸಲಾಗಿಲ್ಲ.

ಕಳಚಿದ ಮೇಲೆ ಬೆರಳಿನಲ್ಲಿ ಒಂದು ಬಿಳಿಯ ಪಟ್ಟೆ ಉಳಿಯುತ್ತದೆ. ಅದನ್ನು ನೋಡಿದರೆ ಗಂಡನ ನೆನಪು ಬರಬೇಕು. ನನಗೆ ಬರುವುದು ಅಪ್ಪನ ನೆನಪು. ಅವರಿಗೆ ಒಂದು ಸುಳ್ಳು ಹೇಳಿದ್ದೆ. ಅದು ಸುಳ್ಳು ಎಂದು ಒಪ್ಪಿಕೊಳ್ಳಬೇಕು ಎಂದು ಎಂಟು ವರ್ಷ ಅಂದುಕೊಳ್ಳುತ್ತಲೇ ಇದ್ದೆ. ಅಷ್ಟರಲ್ಲಿ ಅವರು ಹೋಗಿಬಿಟ್ಟರು.

ಅಪ್ಪನ ಬೆರಳು ಬೋಳು. ಜೀವನದಲ್ಲಿ ಉಂಗುರ ಹಾಕಿದವರಲ್ಲ. ಅವರು ಮುದ್ರೆ ಕೆತ್ತುವವರು. ಬೆಂಗಳೂರಿನ ಅವೆನ್ಯೂ ರಸ್ತೆಯ ಒಂದು ಸಂದಿಯಲ್ಲಿ, ಇಬ್ಬರು ಕೂತರೆ ಮೂರನೆಯವನು ನಿಂತೇ ಮಾತಾಡಬೇಕಾದಂಥ ಅಂಗಡಿ. ಲಕೋಟೆಯ ಮೇಲೆ, ಚೀಲದ ಗಂಟಿನ ಮೇಲೆ ಕೆಂಪು ಅರಗು ಕರಗಿಸಿ ಒತ್ತುತ್ತಾರಲ್ಲ, ಆ ಹಿತ್ತಾಳೆಯ ಮುದ್ರೆಗಳು. ಬೆರಳಲ್ಲಿ ಉಂಗುರವಿದ್ದರೆ ಹಿತ್ತಾಳೆ ಪುಡಿ ಸಿಕ್ಕಿಕೊಂಡು ಚರ್ಮ ಕೊರೆಯುತ್ತದೆ. ಮದುವೆಯಲ್ಲಿ ಮಾವ ತೊಡಿಸಿದ್ದನ್ನು ಮೂರನೆಯ ದಿನವೇ ಕಳಚಿ ಅಮ್ಮನ ಕೈಗೆ ಕೊಟ್ಟರಂತೆ. 'ಮೂರೇ ದಿನಕ್ಕೆ ನನ್ನನ್ನ ಕಳಚಿಟ್ಟ ಮಹಾರಾಯರು' ಎಂದು ಅಮ್ಮ ತಾನು ಬದುಕಿರುವ ತನಕ ಆಡಿಕೊಂಡಳು.

ಮುದ್ರೆಯ ಕೆಲಸ ಇಲ್ಲದ ತಿಂಗಳುಗಳಲ್ಲಿ ಅಪ್ಪ ಪಾತ್ರೆಗಳಿಗೆ ಹೆಸರು ಕೆತ್ತುತ್ತಿದ್ದರು. ನಿಮ್ಮ ಮನೆಯ ಹಳೆಯ ಸ್ಟೀಲ್ ಲೋಟವನ್ನು ತಿರುಗಿಸಿ ನೋಡಿ, ಯಾರದೋ ಮದುವೆಯ ಹೆಸರು, ತಾರೀಖು ಚುಕ್ಕೆಚುಕ್ಕೆಯಾಗಿ ಇರುತ್ತದೆ. ಊರಿಗೆಲ್ಲ ಹೆಸರು ಕೆತ್ತಿದವರ ಮನೆಯ ಪಾತ್ರೆಗಳ ಮೇಲೆ ಮಾತ್ರ ಒಂದು ಗೀಟೂ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ. ಹೀಗಾಗಿ ಯಾರದೋ ನಾಮಕರಣಕ್ಕೆಂದು ಹೋದ ನಮ್ಮ ಕೊಳದಪ್ಪಲೆ ವಾಪಸ್ಸು ಬರಲೇ ಇಲ್ಲ. ನಿಮ್ಮದು ಎನ್ನಲು ಗುರುತು ಏನಿದೆ ಎಂದು ಅವರು ಕೇಳಿದರೆ ಅಮ್ಮ ಏನು ತೋರಿಸಬೇಕು?

ಮುದ್ರೆಯನ್ನು ತಿರುಗುಮುರುಗಾಗಿ ಕೆತ್ತಬೇಕು, ಗೊತ್ತಲ್ಲ. ಆಗಲೇ ಅರಗಿನ ಮೇಲೆ ಅದು ನೇರವಾಗಿ ಮೂಡುವುದು. ಅಂಗಡಿಯಲ್ಲಿ ಆಡಿ ಬೆಳೆದ ನನಗೂ ಅಣ್ಣನಿಗೂ ಕನ್ನಡವನ್ನು ಎರಡೂ ಕಡೆಯಿಂದ ಓದಲು ಬರುತ್ತಿತ್ತು. ಒಂದನೇ ಕ್ಲಾಸಿನಲ್ಲಿ ಈ ವಿದ್ಯೆಯನ್ನು ಸ್ಲೇಟಿನ ಮೇಲೆ ಪ್ರದರ್ಶಿಸಿದ್ದಕ್ಕೆ ಮೇಡಂ ನನ್ನ ಕಿವಿ ಹಿಂಡಿದ್ದರು. ಅಪ್ಪನಿಗೆ ಹೇಳಿದೆ. ನನ್ನ ಪರವಾಗಿ ಶಾಲೆಗೆ ಬಂದು ಜಗಳವಾಡುತ್ತಾರೆಂದುಕೊಂಡಿದ್ದರೆ, ಅವರು ಸ್ಲೇಟು ಇಸಿದುಕೊಂಡು 'ರ ಅಕ್ಷರದ ತಲೆಕಟ್ಟು ಸರಿಯಾಗಿ ತಿರುಗಿಲ್ಲ' ಎಂದರು.

ಇಷ್ಟೆಲ್ಲ ಹೇಳಿದ ಅಪ್ಪ ಒಮ್ಮೆ ತಾವೇ ಎಡವಿದ್ದರು. ಹದಿನೇಳನೇ ವಯಸ್ಸಿನಲ್ಲಿ, ಗುರುಗಳ ಕೈಕೆಳಗೆ ಕೆಲಸ ಕಲಿಯುತ್ತಿದ್ದಾಗ. ಯಾವುದೋ ಊರಿನ ಸಹಕಾರ ಸಂಘದ ಮುದ್ರೆ. ಸುತ್ತ ಸಂಘದ ಹೆಸರು, ನಡುವೆ ಕೈಕುಲುಕುವ ಎರಡು ಕೈ. ಅಕ್ಷರಗಳನ್ನೆಲ್ಲ ತಪ್ಪಿಲ್ಲದೆ ತಿರುಗಿಸಿ ಕೆತ್ತಿದ ಅಪ್ಪ, ಕೈಗಳನ್ನು ತಿರುಗಿಸುವುದನ್ನು ಮರೆತರು. ಕೈಗೆ ಒತ್ತು, ದೀರ್ಘ ಏನೂ ಇರುವುದಿಲ್ಲವಲ್ಲ, ಗಮನಕ್ಕೆ ಬರಲಿಲ್ಲ. ಅರಗಿನ ಮೇಲೆ ಒತ್ತಿದಾಗ ಎರಡು ಎಡಗೈಗಳು ಕುಲುಕುತ್ತ ಮೂಡಿದವು. ಸಂಘದ ಕಾರ್ಯದರ್ಶಿ ಅಂಗಡಿಯ ಮುಂದೆ ನಿಂತು, 'ನಮ್ಮದೇನು ಎಡಗೈಲಿ ಕೊಟ್ಟು ಎಡಗೈಲಿ ಇಸ್ಕೊಳೋ ಸಂಘಾನೇನ್ರಿ?' ಎಂದು ಕೂಗಿದರಂತೆ. ಸಂದಿಯೆಲ್ಲ ನಕ್ಕಿತು. ಅಂದಿನಿಂದ ಅಪ್ಪನಿಗೆ 'ಎಡಚ ನಂಜುಂಡ' ಎಂದು ಹೆಸರು ಬಿತ್ತು. ಎಲ್ಲವನ್ನೂ ಬಲಗೈಯಲ್ಲೇ ಮಾಡುವ ಮನುಷ್ಯನನ್ನು ಮುಂದೆ ನಲವತ್ತು ವರ್ಷ, ಸ್ವಂತ ಅಂಗಡಿ ಇಟ್ಟ ಮೇಲೂ, ಟೀ ತರುವವನಿಂದ ಹಿಡಿದು ಎಲ್ಲರೂ ಹಾಗೆಯೇ ಕರೆದರು. ಅಪ್ಪ ನಗುತ್ತಲೇ ಓಗೊಡುತ್ತಿದ್ದರು. ಆದರೆ ಆ ಹೆಸರು ಅವರಿಗೆ ನೋಯುತ್ತಿತ್ತು ಎಂದು ನಮಗೆ ಗೊತ್ತಿತ್ತು. ಮನೆಯಲ್ಲಿ ಆ ಮಾತು ತೆಗೆಯುವಂತಿರಲಿಲ್ಲ.

ಹತ್ತು ವರ್ಷದ ಹಿಂದೆ ಅಪ್ಪ ಸ್ವೀಡನ್ನಿಗೆ ಬಂದರು, ಒಂದು ಬೇಸಿಗೆಯ ಮಟ್ಟಿಗೆ. ಬೆಂಗಳೂರಿನಲ್ಲಿ ಅಣ್ಣನ ಮನೆಯಲ್ಲಿ ಅವರಿಗೆ ಯಾವ ಕೊರತೆಯೂ ಇರಲಿಲ್ಲ; ಮೊಮ್ಮಗಳನ್ನು ನೋಡುವ ಆಸೆಯೊಂದೇ. ನನ್ನ ಮಗಳು ಋತುವಿಗೆ ಆಗ ಒಂಬತ್ತು. ಅವಳದು ಅಡುಗೆಮನೆಯ ಕನ್ನಡ, 'ಸಾಕು', 'ಬೇಡ', 'ಖಾರ' ಈ ಮೂರರಲ್ಲಿ ಪ್ರವೀಣೆ. ಉಳಿದದ್ದಕ್ಕೆಲ್ಲ ಸ್ವೀಡಿಷ್. ಆದರೂ ಅಜ್ಜ ಮೊಮ್ಮಗಳ ನಡುವೆ ಮಾತು ನಿಂತದ್ದೇ ಇಲ್ಲ, ಹೇಗೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಸ್ಟಾಕ್‌ಹೋಮ್‌ನಲ್ಲಿ ಅಪ್ಪನಿಗೆ ಅರಮನೆ ತೋರಿಸಿದೆವು, ಹಡಗು ತೋರಿಸಿದೆವು. 'ಚೆನ್ನಾಗಿದೆ' ಎಂದರು, ಸಾರಿಗೆ ಉಪ್ಪು ಕಡಿಮೆಯಾದಾಗ ಹೇಳುವ ದನಿಯಲ್ಲಿ. ನನ್ನ ಗಂಡ ಕಿಸ್ಟಾದ ಆಫೀಸಿಗೆ ಹೋಗಿದ್ದ ಒಂದು ದಿನ, ನಾವು ಮೂವರೇ ಒಂದು ಮ್ಯೂಸಿಯಮ್ಮಿಗೆ ಹೋದೆವು. ಪ್ರವೇಶ ಉಚಿತ ಎನ್ನುವುದನ್ನು ಬಿಟ್ಟರೆ ಆ ಆಯ್ಕೆಗೆ ಬೇರೆ ಕಾರಣವಿರಲಿಲ್ಲ. ಒಳಗೆ, ಮೂಲೆಯ ಒಂದು ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯ ತುಂಬ ರೋಮನ್ನರ ಉಂಗುರಗಳಿದ್ದವು. ಕಡಲೆಬೇಳೆಯಷ್ಟು, ಹುಣಿಸೆಬೀಜದಷ್ಟು ದೊಡ್ಡ ಬಣ್ಣದ ಕಲ್ಲುಗಳು, ಅವುಗಳ ಮೇಲೆ ಕೊರೆದ ಚಿತ್ರಗಳು.

ಅಪ್ಪ ನಿಂತುಬಿಟ್ಟರು. ಜೇಬಿನಿಂದ ಕೆತ್ತನೆಯ ಕಣ್ಣುಗಾಜು ತೆಗೆದು ಬಲಗಣ್ಣಿಗೆ ಸಿಕ್ಕಿಸಿಕೊಂಡರು. ಅಂಗಡಿ ಮುಚ್ಚಿ ವರ್ಷಗಳಾಗಿದ್ದರೂ ಅದು ಅವರ ಜೇಬಿನಲ್ಲೇ ಇರುತ್ತಿತ್ತು. ಹಣೆಯನ್ನು ಗಾಜಿಗೆ ಒತ್ತಿ ನೋಡತೊಡಗಿದರು. ಕೊಬ್ಬರಿಎಣ್ಣೆಯ ಹಣೆ. ಅವರು ಒಂದು ಉಂಗುರದಿಂದ ಇನ್ನೊಂದಕ್ಕೆ ಸರಿದಂತೆಲ್ಲ ಗಾಜಿನ ಮೇಲೆ ಉದ್ದಕ್ಕೂ ಎಣ್ಣೆಯ ಗುರುತುಗಳು. ನಾನು ಹಿಂದಿನಿಂದ ಸ್ವೆಟರಿನ ತೋಳಿನಲ್ಲಿ ಒರೆಸುತ್ತ ಬಂದೆ. ಕಾವಲಿನವನು ದೂರದಲ್ಲಿ ನಿಂತು ನೋಡುತ್ತಿದ್ದ, ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ನನಗೆ ಹೆಚ್ಚು ಕಿರಿಕಿರಿಯಾಯಿತು.

ಕೆಳಗಿನ ಚೀಟಿಗಳನ್ನು ನಾನು ಓದಿ ಹೇಳುತ್ತಿದ್ದೆ. ರೋಮನ್ನರಿಗೆ ಉಂಗುರವೆಂದರೆ ಸಹಿ. ಕಾಗದ ಬರೆದರೆ ಅದನ್ನು ಮೇಣಕ್ಕೆ ಒತ್ತಬೇಕು. ಮನೆಯ ಉಗ್ರಾಣಕ್ಕೂ ಅದೇ ಮುದ್ರೆ, ಆಳುಗಳು ಕದಿಯದಿರಲಿ ಎಂದು. ನಮ್ಮತ್ತೆಗೆ ಈ ಪದ್ಧತಿ ಗೊತ್ತಿದ್ದರೆ ಉಪ್ಪಿನಕಾಯಿ ಜಾಡಿಗೆ ಖಂಡಿತ ಒತ್ತುತ್ತಿದ್ದರು. ಸಹಿಯ ಜೊತೆಗೆ ಅದು ರಕ್ಷೆಯೂ ಹೌದು, ನಮ್ಮಲ್ಲಿ ರಾಶಿಗೊಂದು ಹರಳು ಹಾಕುವ ಹಾಗೆ. ಅದೃಷ್ಟ ಬೇಕಾದವನು ಅದೃಷ್ಟದೇವಿಯನ್ನು ಕೆತ್ತಿಸಿಕೊಳ್ಳುತ್ತಿದ್ದ: ಅವಳ ಒಂದು ಕೈಯಲ್ಲಿ ಹಣ್ಣು ತುಂಬಿದ ಕೊಂಬು, ಇನ್ನೊಂದರಲ್ಲಿ ದೋಣಿಯ ಚುಕ್ಕಾಣಿ.

'ಲಕ್ಷ್ಮಿ ಕೈಗೆ ಸ್ಟೀರಿಂಗ್ ಕೊಟ್ಟಿದಾರಲ್ಲಮ್ಮ' ಎಂದರು ಅಪ್ಪ. 'ಸರಿಯಾಗೇ ಇದೆ. ಯಾವ ಕಡೆ ತಿರುಗಿಸ್ತಾಳೋ ಅವಳಿಗೇ ಗೊತ್ತು.'

ಕಾಳು ಹೊತ್ತ ಇರುವೆಯೊಂದಿತ್ತು. ಅದು ದುಡಿದು ಕೂಡಿಡುವವರಿಗೆ. ಇನ್ನೊಂದು ಕಲ್ಲಿನಲ್ಲಿ ಎರಡು ಬೆರಳು ಒಂದು ಕಿವಿಯ ಹಾಲೆಯನ್ನು ಹಿಡಿದಿದ್ದವು. ನೆನಪು ಇರುವುದು ಕಿವಿಯ ಹಾಲೆಯಲ್ಲಿ ಎಂದು ಅವರ ನಂಬಿಕೆಯಂತೆ. 'ನನ್ನನ್ನು ಮರೆಯಬೇಡ' ಎಂದು ಆ ಉಂಗುರದ ಅರ್ಥ. 'ನಿಮ್ಮ ಒಂದನೇ ಕ್ಲಾಸ್ ಮೇಡಂಗೂ ಇದು ಗೊತ್ತಿತ್ತು ನೋಡು' ಎಂದು ಅಪ್ಪ ನಕ್ಕರು. ಋತು ತನ್ನ ಕಿವಿಯನ್ನು ತಾನೇ ಹಿಡಿದುಕೊಂಡು ಅಜ್ಜನಿಗೆ ಬಸ್ಕಿ ಹೊಡೆದು ತೋರಿಸಿದಳು. ಎಷ್ಟು ಚೆನ್ನಾಗಿದ್ದ ಗಳಿಗೆ ಅದು. ಅಲ್ಲಿಗೇ ಮುಗಿಸಿ ಹೊರಟಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ಕೊನೆಯ ಸಾಲಿನಲ್ಲಿ ಒಂದು ಕೆಂಪು ಕಲ್ಲು. 'ಅಕೀಕು' ಎಂದರು ಅಪ್ಪ. 'ಮೇಣ ಇದಕ್ಕೆ ಅಂಟಲ್ಲ, ಅದಕ್ಕೇ ಇದನ್ನ ಆರಿಸಿದಾರೆ, ಬುದ್ಧಿವಂತರು.' ಅದರ ಮೇಲೆ ಒಂದನ್ನೊಂದು ಹಿಡಿದ ಎರಡು ಕೈಗಳು. ಮದುವೆಯಲ್ಲಿ ಗಂಡು ಹೆಣ್ಣು ಬಲಗೈ ಬಲಗೈ ಹಿಡಿಯುವುದು, ಒಪ್ಪಂದ, ಪರಸ್ಪರ ನಂಬಿಕೆ ಎಂದು ಚೀಟಿ ಹೇಳುತ್ತಿತ್ತು. ಅಪ್ಪ ಹಣೆಯನ್ನು ಗಾಜಿಗೆ ಇನ್ನಷ್ಟು ಒತ್ತಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಬಲಗೈಯಿಂದ ಋತುವಿನ ಬಲಗೈಯನ್ನು ಹಿಡಿದು, ಅದನ್ನೂ ಕಲ್ಲನ್ನೂ ಬದಲಿಸಿ ಬದಲಿಸಿ ನೋಡಿದರು.

'ಸುಮಾ, ನೀನು ನೋಡು. ಕಲ್ಲಲ್ಲಿ ಯಾವ ಕೈ ಕಾಣ್ತಿದೆ?'

'ಬಲಗೈ ಅಪ್ಪ.'

'ಹಂಗಾದ್ರೆ ಮೇಣದಲ್ಲಿ?'

ನಾನು ಒಂದು ಕ್ಷಣ ಲೆಕ್ಕ ಹಾಕಿದೆ. 'ಎಡಗೈ.'

ಅಪ್ಪ ಕಣ್ಣುಗಾಜು ತೆಗೆದರು. ಕಣ್ಣು ಒದ್ದೆಯಾಗಿತ್ತು, ಗಾಜು ಒತ್ತಿದ್ದಕ್ಕೂ ಇರಬಹುದು. 'ಇವನೂ ಮರ್ತಿದಾನೆ ಕಣೇ' ಎಂದರು ಪಿಸುದನಿಯಲ್ಲಿ. 'ಎರಡು ಸಾವಿರ ವರ್ಷದ ಹಿಂದೆ, ಇವನೂ ನನ್ನ ಹಾಗೇ ಮರ್ತಿದಾನೆ.' ಆಮೇಲೆ ಅವರೊಳಗಿನ ಕಸುಬುದಾರ ಎದ್ದ. 'ಹೆಬ್ಬೆಟ್ಟಿನ ಹತ್ರ ಸವೆದಿದೆ. ಕಲ್ಲು ನೋಡಿ ತೀರ್ಪು ಹೇಳ್ಬಾರ್ದು, ಅಚ್ಚು ನೋಡ್ಬೇಕು. ಹೋಗಿ ಕೇಳಮ್ಮ, ಒಂದೇ ಒಂದು ಸಲ ಒತ್ತಿ ತೋರಿಸ್ತಾರಾ ಅಂತ. ಈ ದೇಶದಲ್ಲಿ ಎಲ್ಲಿ ನೋಡಿದ್ರೂ ಮೇಣದಬತ್ತಿ ಹಚ್ಚಿರ್ತಾರೆ, ಒಂದು ತೊಟ್ಟು ಮೇಣಕ್ಕೆ ಬರವಾ?'

'ಅಪ್ಪ, ಇಲ್ಲಿ ಹಾಗೆಲ್ಲ ಕೇಳೋಕಾಗಲ್ಲ.'

'ಕೇಳೋಕೆ ಏನಂತೆ? ಇಲ್ಲ ಅಂದ್ರೆ ಇಲ್ಲ. ನನಗೋಸ್ಕರ ಕೇಳು.'

ಈ ದೇಶಕ್ಕೆ ಬಂದ ನಮ್ಮಂಥವರಿಗೆ ಒಂದು ಕಾಯಿಲೆಯಿದೆ. ಯಾರಿಗೂ ತೊಂದರೆ ಕೊಡಬಾರದು, ಎದ್ದು ಕಾಣಬಾರದು, ಸಾಲಿನಲ್ಲಿ ನಿಂತು ನಂಬರು ಬಂದಾಗ ಮಾತ್ರ ಬಾಯಿ ತೆರೆಯಬೇಕು. ನಮ್ಮ ಕಾಯಂ ವಾಸದ ಅರ್ಜಿ ಆಗಿನ್ನೂ ಯಾವುದೋ ಕಚೇರಿಯಲ್ಲಿತ್ತು. ಮ್ಯೂಸಿಯಮ್ಮಿನಲ್ಲಿ ಉಂಗುರ ಕೇಳಿದರೆ ಅರ್ಜಿ ತಿರಸ್ಕರಿಸುತ್ತಾರೆ ಎಂದು ನಾನೇನೂ ನಂಬಿರಲಿಲ್ಲ. ಆದರೆ ಎಣ್ಣೆಯ ಹಣೆ, ಕಣ್ಣುಗಾಜು, ಈಗ ಮೇಣದಬತ್ತಿ, ಎಲ್ಲ ಸೇರಿ ನನಗೆ ನಾಚಿಕೆಯಾಗಿತ್ತು. ಸುತ್ತಿ ಬಳಸುವುದೇಕೆ, ಅಪ್ಪನ ಬಗ್ಗೆಯೇ ನಾಚಿಕೆಯಾಗಿತ್ತು.

ಋತುವಿನ ಕೈ ಹಿಡಿದು ಕೌಂಟರಿನ ತನಕ ಹೋದೆ. ಅಪ್ಪ ಗಾಜಿನ ಪೆಟ್ಟಿಗೆಯ ಪಕ್ಕದಿಂದ ಆಸೆಗಣ್ಣಿನಲ್ಲಿ ನೋಡುತ್ತಿದ್ದರು. ಕೌಂಟರಿನ ಹುಡುಗಿ ನಗುತ್ತ 'ಹೇಯ್' ಎಂದಳು. ನಾನು ಸ್ವೀಡಿಷ್‌ನಲ್ಲಿ ಕೇಳಿದೆ: 'ಟಾಯ್ಲೆಟ್ ಎಲ್ಲಿದೆ?'

ಅವಳು ಬಹಳ ಒಳ್ಳೆಯ ಹುಡುಗಿ. ಕೆಳಗಿನ ಮಹಡಿಯಲ್ಲಿ ಒಂದಿದೆ, ಅದು ಇವತ್ತು ಕೆಟ್ಟಿದೆ, ಆದ್ದರಿಂದ ಆ ಮೆಟ್ಟಿಲು ಹತ್ತಿ, ಬಲಕ್ಕೆ ತಿರುಗಿ ಎಂದು ಕೈ ಆಡಿಸಿ, ತಲೆ ಆಡಿಸಿ, ಕ್ಷಮೆ ಕೇಳಿ ವಿವರಿಸಿದಳು. ದೂರದಿಂದ ನೋಡುವವರಿಗೆ ಅದು ವಿನಯದಿಂದ ಏನನ್ನೋ ನಿರಾಕರಿಸುವ ಹಾಗೆಯೇ ಕಂಡಿರಬೇಕು. ಋತು ತಲೆಯೆತ್ತಿ 'ಅಮ್ಮಾ, ಆದ್ರೆ...' ಎಂದು ಬಾಯಿ ತೆರೆದಳು. ಅವಳ ಕೈಯನ್ನು ಗಟ್ಟಿಯಾಗಿ ಅದುಮಿದೆ. ಅವಳು ಸುಮ್ಮನಾದಳು.

'ಆಗಲ್ವಂತೆ ಅಪ್ಪ. ರೂಲ್ಸ್ ಅಂತೆ.'

'ಹೋಗ್ಲಿ ಬಿಡು. ಅಷ್ಟು ಹೊತ್ತು ಬಿಡಿಸಿ ಹೇಳಿದ್ಲಲ್ಲ, ಪಾಪ.' ಇಷ್ಟು ಹೇಳಿ ಅಪ್ಪ ನೇರವಾಗಿ ಕೌಂಟರಿಗೆ ಹೋಗಿ ಆ ಹುಡುಗಿಗೆ ಕೈ ಮುಗಿದರು. ಅವಳು ಪೆನ್ನು ಕೆಳಗಿಟ್ಟು, ಎದ್ದು ನಿಂತು, ತಾನೂ ಕೈ ಮುಗಿದಳು. ನಂಬಿಕೆಯ ಉಂಗುರಕ್ಕೂ ಆ ಇಬ್ಬರಿಗೂ ನಡುವೆ ನಾನು ನಿಂತಿದ್ದೆ.

ಅಪ್ಪ ಬೆಂಗಳೂರಿಗೆ ಮರಳಿದ ಮೇಲೆ ಭಾನುವಾರದ ಫೋನುಗಳು ಶುರುವಾದವು. ಎರಡನೆಯದೋ ಮೂರನೆಯದೋ ಭಾನುವಾರ ಅಪ್ಪ ಕೇಳಿದರು, 'ಅಲ್ಲಮ್ಮ ಸುಮಾ, ಆ ಮ್ಯೂಸಿಯಂ ಹುಡುಗಿ ಅವತ್ತು ಏನಂದ್ಲು? ಇನ್ನೊಂದ್ಸಲ ಹೇಳು.'

ಮರೆತಿದ್ದಾರೆ ಎಂದುಕೊಂಡಿದ್ದೆ. 'ಕಲ್ಲು ತುಂಬ ಹಳೇದು, ಬಿಸಿ ತಾಕಿದ್ರೆ ಸೀಳುತ್ತಂತೆ' ಎಂದೆ.

'ಬಿಸಿ ಯಾಕೆ? ತಣ್ಣಗೇ ಒತ್ತೋ ಮಣ್ಣು ಬಂದಿದೆಯಲ್ಲ ಈಗ.'

ಕಸುಬುದಾರನ ಹತ್ತಿರ ಕಸುಬಿನ ಸುಳ್ಳು ಹೇಳಬಾರದು ಎಂದು ಅರ್ಥವಾಯಿತು. ಮುಂದಿನ ಸಲ ಕಚೇರಿಯ ಸುಳ್ಳಿಗೆ ಕೈಹಾಕಿದೆ. ಪೆಟ್ಟಿಗೆಯ ಬೀಗದ ಕೈ ಒಬ್ಬ ಆಫೀಸರ ಹತ್ತಿರ ಇರುತ್ತದೆ, ಅವರು ರಜೆಯ ಮೇಲಿದ್ದಾರೆ ಎಂದೆ. ಏನು ರಜೆ ಎಂದರು. ಮಗು ಹುಟ್ಟಿದೆ, ಇಲ್ಲಿ ಅಪ್ಪಂದಿರಿಗೂ ತಿಂಗಳುಗಟ್ಟಲೆ ರಜೆ ಎಂದೆ. 'ಗಂಡಸಿಗೆ ಬಾಣಂತನದ ರಜಾನಾ!' ಎಂದು ಅಪ್ಪ ಕೆಮ್ಮು ಬರುವ ತನಕ ನಕ್ಕರು. ಅಬ್ಬ, ದಾಟಿದೆ ಎಂದುಕೊಂಡೆ. ಆದರೆ ಎರಡು ಭಾನುವಾರ ಕಳೆದು ಮತ್ತೆ: 'ಆ ಆಫೀಸರ ಮಗು ಹೇಗಿದೆಯಂತೆ? ಹೆಸರಿಟ್ರಂತಾ?'

'ಓಸ್ಕರ್' ಎಂದೆ. ಯಾಕೆ ಹಾಗೆಂದೆನೋ ದೇವರೇ ಬಲ್ಲ.

ಒಂದು ಸುಳ್ಳಿಗೆ ಹನ್ನೊಂದು ಸುಳ್ಳು ಎನ್ನುತ್ತಾರೆ. ನನ್ನದು ಉಂಡು ಬೆಳೆಯತೊಡಗಿತು. ಓಸ್ಕರನಿಗೆ ಹಲ್ಲು ಬಂತು. ಓಸ್ಕರ್ ಡಾಗಿಸ್ ಸೇರಿದ. ಇಲ್ಲಿಯ ಶಿಶುವಿಹಾರಕ್ಕೆ ಹಾಗನ್ನುತ್ತಾರೆ ಎಂದು ಅಪ್ಪನಿಗೆ ವಿವರಿಸಿದೆ. ಅಪ್ಪ ಮೂರು ನಾಲ್ಕು ತಿಂಗಳು ಸುಮ್ಮನಿದ್ದು, ನಾನು ಮೈಮರೆತಿರುವಾಗ ಕೇಳುತ್ತಿದ್ದರು. 'ಓಸ್ಕರ್ ಅಪ್ಪನಿಗೆ ಇನ್ನೂ ಬೀಗದ ಕೈ ಕೊಟ್ಟಿಲ್ವಾ?' ಅವರಿಗೆ ಈಗ ಬೇರೆ ಊರಿಗೆ ವರ್ಗವಾಗಿದೆ ಎಂದೆ ಒಮ್ಮೆ. 'ಅಯ್ಯೋ, ಮಗು ಸ್ಕೂಲು?' ಎಂದರು. ಪ್ರತಿ ಸಲ ಫೋನಿಟ್ಟ ಮೇಲೆ, ಮುಂದಿನ ವಾರ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. 'ಅಪ್ಪ, ನಾನು ಅವತ್ತು ಕೇಳಲೇ ಇಲ್ಲ, ನಾಚಿಕೆಯಾಯ್ತು.' ಕನ್ನಡದಲ್ಲಿ ಆರೇ ಪದ. ಬಾಯಿಗೆ ಬರಲಿಲ್ಲ. ಮ್ಯೂಸಿಯಮ್ಮಿನಲ್ಲಿ ವಿಚಾರಿಸಿ ಈಗಲಾದರೂ ಅಚ್ಚು ತರಿಸೋಣ ಎಂದರೆ, ಅವರು ಕೂಡಲೇ ಕೊಟ್ಟುಬಿಟ್ಟರೆ ನನ್ನ ಸುಳ್ಳು ಬಯಲಾಗುತ್ತಲ್ಲ ಎಂಬ ಹೆದರಿಕೆ. ಇಂಥ ಹೇಡಿಯನ್ನು ನೀವು ಕಂಡಿದ್ದೀರೋ ಇಲ್ಲವೋ, ನಾನು ದಿನಾ ಕನ್ನಡಿಯಲ್ಲಿ ಕಾಣುತ್ತೇನೆ.

ಎರಡು ವರ್ಷದ ಹಿಂದೆ ಅಪ್ಪನಿಗೆ ಹೃದಯದ ತೊಂದರೆಯಾಯಿತು. ಆಸ್ಪತ್ರೆಯಿಂದ ಅಣ್ಣ ಫೋನು ಮಾಡಿ ಅಪ್ಪನ ಕಿವಿಗೆ ಹಿಡಿದ. ಅಪ್ಪನ ದನಿ ದೂರದಿಂದ ಬಂತು. ಊಟ ಆಯ್ತಾ ಎಂದರು. ಋತು ಹೇಗಿದ್ದಾಳೆ ಎಂದರು. ಆಮೇಲೆ, 'ಮತ್ತೆ... ಓಸ್ಕರ್?'

'ಚೆನ್ನಾಗಿದಾನಪ್ಪ. ಎರಡನೇ ಕ್ಲಾಸು.'

'ಸರಿ' ಎಂದರು ಅಪ್ಪ. 'ಸರಿಯಮ್ಮ.'

ನಾನು ವಿಮಾನ ಹಿಡಿದು ಬೆಂಗಳೂರು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈ ವರ್ಷ ಈಸ್ಟರ್ ರಜೆಗೆ ಋತು ಲುಂಡ್‌ನಿಂದ ಬಂದಿದ್ದಳು. ಅಲ್ಲಿ ಓದುತ್ತಿದ್ದಾಳೆ, ಮೊದಲ ವರ್ಷ. ಸೈಕಲ್ಲು ಎರಡು ಸಲ ಕಳೆದುಕೊಂಡು ಮೂರನೆಯದರ ಮೇಲಿದ್ದಾಳೆ. ಅವಳು ಬರುವುದಕ್ಕೆ ಒಂದು ವಾರ ಮೊದಲು ನಾನು ಕೊನೆಗೂ ಮ್ಯೂಸಿಯಮ್ಮಿಗೆ ಒಂದು ಇಮೇಲ್ ಬರೆದೆ. ಕೈಗಳ ಉಂಗುರದ ಅಚ್ಚು ನೋಡಲು ಸಾಧ್ಯವೇ ಎಂದು ಎರಡೇ ಸಾಲು. ಮಧ್ಯಾಹ್ನದ ಊಟದೊಳಗೆ ಉತ್ತರ ಬಂತು: ಧಾರಾಳವಾಗಿ, ಮುಂದಿನ ಗುರುವಾರ ಎರಡು ಗಂಟೆಗೆ ಬನ್ನಿ.

ಇಂಗರ್ ಎಂಬ ಹಿರಿಯ ಹೆಂಗಸು ನಮ್ಮಿಬ್ಬರನ್ನು ಹಿಂಬದಿಯ ಕೋಣೆಗೆ ಕರೆದೊಯ್ದರು. ಅಲ್ಲೊಂದು ಕಪಾಟು, ಅದರ ಡ್ರಾಯರುಗಳ ತುಂಬ ಬಿಳಿಯ ಪ್ಲಾಸ್ಟರಿನ ಬಿಲ್ಲೆಗಳು. ಎಲ್ಲ ಉಂಗುರಗಳ ಅಚ್ಚನ್ನೂ ಯಾರೋ ಹಿಂದೆಯೇ ತೆಗೆದಿಟ್ಟಿದ್ದಾರೆ. ಯಾರು ಬೇಕಾದರೂ ನೋಡಬಹುದು. ಹತ್ತು ವರ್ಷದ ಹಿಂದೆಯೂ ನೋಡಬಹುದಿತ್ತೇ ಎಂದು ಕೇಳಿದೆ. 'ಓಹೋ, ನಾನು ಇಲ್ಲಿಗೆ ಸೇರುವ ಮೊದಲಿನಿಂದಲೂ' ಎಂದರು ಇಂಗರ್. 'ಕೌಂಟರಿನಲ್ಲಿ ಒಂದು ಮಾತು ಕೇಳಿದರೆ ಸಾಕು.'

ಬಿಲ್ಲೆಯನ್ನು ಅವರು ಕಪ್ಪು ಬಟ್ಟೆಯ ಮೇಲೆ ಇಟ್ಟರು, ದೀಪ ಹತ್ತಿರ ಎಳೆದರು. ಎರಡು ಎಡಗೈಗಳು. ಸಂಶಯವೇ ಇಲ್ಲ. ಹೆಬ್ಬೆಟ್ಟು ಸವೆದಿದ್ದರೂ ಉಳಿದ ಬೆರಳುಗಳೇ ಸಾಕ್ಷಿ.

ಇಂಗರ್ ಕನ್ನಡಕ ಬದಲಿಸಿ ನೋಡಿದರು. 'ಹೌದಲ್ಲ! ಇದು ಬಲಗೈಗಳಿರಬೇಕಿತ್ತು. ಮುದ್ರೆಗಲ್ಲದೆ ಬರೀ ಅಲಂಕಾರಕ್ಕೆ ಮಾಡಿದ್ದಿರಬಹುದು. ಇಲ್ಲವೇ ಪಾಪ, ಮರೆತಿರಬಹುದು.' ಅವರು ಒಂದು ಕಾರ್ಡು ತೆಗೆದು ಓದಿದರು. 'ಇದರಲ್ಲಿ ಈ ವಿಷಯವನ್ನು ಯಾರೂ ಬರೆದಿಲ್ಲ. ನಿಮಗೆ ಹೇಗೆ ಗೊತ್ತಾಯಿತು?'

'ನನ್ನ ತಂದೆ ಗಮನಿಸಿದ್ದು. ಅವರು ಮುದ್ರೆ ಕೆತ್ತುವವರು.'

'ಗಾಜಿನ ಹೊರಗಿನಿಂದಲೇ? ಎಂಥ ಕಣ್ಣು! ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ. ನಾನು ಅವರ ಜೊತೆ ಕೂತು ಮಾತಾಡಬೇಕು.'

'ಖಂಡಿತ' ಎಂದೆ ನಾನು.

ಹೊರಗೆ ಬಂದು, ಇಲ್ಲಿಯವರು ಫಿಕಾ ಎನ್ನುವುದಕ್ಕೆ ಕೂತೆವು. ಕಾಫಿ, ಏಲಕ್ಕಿ ಬನ್ನು. ಋತು ಬನ್ನನ್ನು ಮುಟ್ಟಲಿಲ್ಲ.

'ನೀನು ಮತ್ತೆ ಅದನ್ನೇ ಮಾಡಿದೆ' ಎಂದಳು, ಸ್ವೀಡಿಷ್‌ನಲ್ಲಿ.

'ಏನು ಮಾಡ್ದೆ?'

'ಅವತ್ತು ಟಾಯ್ಲೆಟ್ ಎಲ್ಲಿದೆ ಅಂತ ಕೇಳಿದೆ. ಇವತ್ತು ತೀರಿಕೊಂಡ ಅಜ್ಜನನ್ನು ಕರೆದುಕೊಂಡು ಬರುತ್ತೇನೆ ಅಂದೆ.'

ನಾನು ಕಾಫಿ ಲೋಟ ಕೆಳಗಿಟ್ಟೆ. 'ನಿನಗೆ ನೆನಪಿದೆಯಾ?'

'ನನಗೆ ಒಂಬತ್ತು ವರ್ಷ ಆಗಿತ್ತು ಅಮ್ಮ, ಕಿವುಡು ಆಗಿರಲಿಲ್ಲ.' ಅವಳು ಚಮಚವನ್ನು ತಟ್ಟೆಯ ಮೇಲೆ ಇಟ್ಟಳು. 'ಅಜ್ಜನಿಗೂ ಗೊತ್ತಿತ್ತು.'

ಅವತ್ತೇ, ಮನೆಗೆ ಮರಳುವ ರೈಲಿನಲ್ಲಿ. ನಾನು ಬಾಗಿಲ ಹತ್ತಿರ ನಿಂತು ಫೋನಿನಲ್ಲಿ ಲ್ಯಾಬಿನವರ ಜೊತೆ ಮಾತಾಡುತ್ತಿದ್ದೆನಂತೆ. ಅಪ್ಪ ಅವಳನ್ನು ಕೇಳಿದರಂತೆ, ನಿಮ್ಮಮ್ಮ ಆ ಹುಡುಗಿ ಹತ್ತಿರ ಏನು ಕೇಳಿದಳು ಎಂದು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಟಾಯ್ಲೆಟ್ ಎನ್ನುವ ಪದಕ್ಕೆ ಅನುವಾದ ಬೇಕಿರಲಿಲ್ಲ.

'ಅಜ್ಜ ಬೈದ್ರಾ?'

'ಇಲ್ಲ. ತುಂಬ ಹೊತ್ತು ಕಿಟಕಿ ಕಡೆ ನೋಡಿದ್ರು. ನಾನು ಅಳೋಕೆ ಶುರು ಮಾಡ್ದೆ. ಅಮ್ಮನ ಹತ್ರ ಹೋಗಿ, ಅಜ್ಜನಿಗೆ ಹೇಳಿಬಿಟ್ಟೆ ಅಂತ ಹೇಳ್ತೀನಿ ಅಂದೆ.' ಋತು ಈಗ ಕನ್ನಡಕ್ಕೆ ತಿರುಗಿದ್ದಳು. ತೊದಲುತ್ತಿದ್ದಳು, ಆದರೆ ಮುಂದಿನ ಮಾತು ಮಾತ್ರ ಒಂದು ಅಕ್ಷರವೂ ತಪ್ಪದೆ ಅಪ್ಪನ ಬಾಯಿಂದಲೇ ಬಂದಂತೆ ಬಂತು. ಹತ್ತು ವರ್ಷ ಜೋಪಾನ ಮಾಡಿದ್ದಳು. 'ಅಜ್ಜ ಹೇಳಿದ್ರು, "ಬೇಡ ಪುಟ್ಟಿ, ನೀನೇನೂ ಹೇಳ್ಬೇಡ. ಅವಳಿಗೆ ನಾಚ್ಕೆ ಆಗುತ್ತೆ. ಅವಳಾಗೇ ಹೇಳ್ತಾಳೆ, ನಾನು ಆಗಾಗ ಕೇಳ್ತಾ ಇರ್ತೀನಿ."'

ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಅಳುತ್ತಿದ್ದೆ. ಅವತ್ತು ಮೊದಲ ಸಲ, ಈ ದೇಶದಲ್ಲಿ ಯಾರು ನೋಡಿದರೆ ನನಗೇನು ಅನ್ನಿಸಿತು.

'ನೀನು ಯಾವತ್ತೋ ಹೇಳಿರ್ತೀಯ ಅಂದ್ಕೊಂಡಿದ್ದೆ ಅಮ್ಮ' ಎಂದಳು ಋತು, ನನ್ನ ಕೈಯನ್ನು ಹಿಡಿದು. 'ಪ್ರತಿ ಭಾನುವಾರ ಮಾತಾಡ್ತಿದ್ರಲ್ಲ ಇಬ್ರೂ.'

ಮಾತಾಡುತ್ತಿದ್ದೆವು. ಎಂಟು ವರ್ಷ ಅಪ್ಪ ಕೇಳಿದರು. ನಾನು ಪ್ರತಿ ಸಲವೂ ಉತ್ತರ ಕೊಟ್ಟೆ.